ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುವ ಮೂರು ಸಾಲಿನ ಲಿವಿಂಗ್ ವಿಲ್: ಹಾಸನ, ಚಿಕ್ಕಮಗಳೂರಿನವರು ಸಹಿ ಹಾಕುವ ಮುಂಚೆ ಓದಿ

ಬೇಲೂರು ರಸ್ತೆ (ಚರ್ಚೆ ಶುರು ಮಾಡಿದವರು)

ಲಿವಿಂಗ್ ವಿಲ್ ಅಂದರೆ ಮುಂದೆ ನಾವೇ ಹೇಳಲಾಗದ ಸ್ಥಿತಿ ಬಂದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಕಾಗದ; ಮುಂಗಡ ನಿರ್ದೇಶನ ಅಂತಲೂ ಹೇಳುತ್ತಾರೆ. ಎರಡೂ ಜಿಲ್ಲೆಯ ಗುಂಪುಗಳಲ್ಲಿ ಅಂಥದ್ದೊಂದು ಕಾಗದ ಓಡಾಡುತ್ತಿದೆ. ಮೂರೇ ಸಾಲು:

"ನಾನು ಹಾಸಿಗೆ ಹಿಡಿದರೆ ವೆಂಟಿಲೇಟರ್ ಹಾಕಿ ಬದುಕಿಸುವ ಪ್ರಯತ್ನ ಬೇಡ. ಯಾವ ಚಿಕಿತ್ಸೆಯನ್ನೂ ಕೊಡಬೇಡಿ. ಕೊನೆಯ ತೀರ್ಮಾನ ನನ್ನ ಹಿರಿಮಗನದು."

ಕೆಳಗೆ ಸಹಿಗೆ ಜಾಗ, ನೋಟರಿ ಮೊಹರಿಗೆ ಜಾಗ. "ಇಷ್ಟಿದ್ದರೆ ಐಸಿಯು ಕಾಟ ಇಲ್ಲ" ಅಂತ ಒಕ್ಕಣೆ ಬೇರೆ. ನನ್ನ ಪ್ರಕಾರ ಮೂರು ಸಾಲಿನಲ್ಲಿ ಮೂರೂ ತಪ್ಪು.

ಗೊತ್ತಿಲ್ಲದವರಿಗೆ ಹಿನ್ನೆಲೆ. ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನೊಳಗೇ ಬರುತ್ತದೆ ಎಂದಿತು. ಆಗ ಹಾಕಿದ ವಿಧಾನ ಎಷ್ಟು ಕಠಿಣವಾಗಿತ್ತೆಂದರೆ ಕಾಗದಕ್ಕೆ ಮ್ಯಾಜಿಸ್ಟ್ರೇಟರೇ ಸಹಿ ಹಾಕಬೇಕಿತ್ತು. 2023ರ ಜನವರಿ 24ರಂದು ಅದೇ ಕೋರ್ಟು ಅದನ್ನು ಸಡಿಲಿಸಿತು. 2025ರ ಜನವರಿ 30ಕ್ಕೆ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಈ ತೀರ್ಪನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ವರ್ಷಗಟ್ಟಲೆ ಕೇಳುತ್ತ ಬಂದಿದ್ದು ಇದನ್ನೇ.

ಹಕ್ಕಿನ ಜಗಳ ಒಂದು ದಡ ಸೇರಿತು ಅಂತ ಇಟ್ಟುಕೊಳ್ಳಿ. ಆದರೆ ಈ ಕಾಗದವನ್ನು ನಿಜವಾಗಿ ಓದುವುದು ಕೋರ್ಟಿನಲ್ಲಲ್ಲ, ರಾತ್ರಿ ಎರಡು ಗಂಟೆಗೆ ಐಸಿಯು ಬಾಗಿಲಲ್ಲಿ. ಬರೆದವರಿಗೆ ಆಗ ಮಾತಿಲ್ಲ. ಒಂದೊಂದು ಪದಕ್ಕೂ ಅಲ್ಲಿ ತೂಕ ಇದೆ. ಕಾನೂನು, ಆಸ್ಪತ್ರೆ, ಮನೆ ಆರೈಕೆ ಬಲ್ಲವರು ಸಾಲು ಸಾಲಾಗಿ ಬಿಡಿಸಿ ಹೇಳಿ. ಒಂದೇ ಕೋರಿಕೆ: ಮನೆಮನೆಯ ಕಥೆ ಬೇಡ, ಕೆಲಸಕ್ಕೆ ಬರುವ ಮಾತು ಬರಲಿ.

ನೋಟರಿ, ಕೋರ್ಟ್ ಹಿಂಭಾಗ, ಹಾಸನ

ಮೂರನೇ ಸಾಲಿನಿಂದ ಶುರು ಮಾಡುತ್ತೇನೆ. ಅಲ್ಲಿರುವುದು ಒಬ್ಬನೇ ಮಗ. ರಾಜ್ಯದ ಸುತ್ತೋಲೆ ಪ್ರಕಾರ ನಿಮ್ಮ ಪರವಾಗಿ ಒಪ್ಪಿಗೆ ಕೊಡಲು ಕನಿಷ್ಠ ಇಬ್ಬರನ್ನು ಹೆಸರಿಸಬೇಕು. ಒಬ್ಬನೇ ಇದ್ದು ಅವನು ವಿಮಾನದಲ್ಲಿದ್ದರೆ, ಅಥವಾ ಅಪಘಾತದ ಅದೇ ಕಾರಿನಲ್ಲಿದ್ದರೆ, ಕಾಗದ ಇದ್ದೂ ಇಲ್ಲದ ಹಾಗೆ.

ಇನ್ನೂ ದೊಡ್ಡ ತಪ್ಪು "ಕೊನೆಯ ತೀರ್ಮಾನ ಮಗನದು" ಅನ್ನುವ ಮಾತು. ನೀವು ಹೆಸರಿಸಿದವರು ನಿಮ್ಮ ಇಚ್ಛೆಯನ್ನು ವೈದ್ಯರಿಗೆ ಮುಟ್ಟಿಸುವವರು, ಅದಕ್ಕೆ ಒಪ್ಪಿಗೆ ಕೊಡುವವರು. ಅವರ ಸ್ವಂತ ಇಚ್ಛೆ ನಡೆಸುವವರಲ್ಲ. ತೋಟ, ಸೈಟು, ಬ್ಯಾಂಕ್ ಠೇವಣಿ ಇರುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ವಿಧಾನ ಹೀಗೆ. 18 ತುಂಬಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು, ಬರಹದಲ್ಲಿರಬೇಕು. ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ. ಅವರು ಸ್ವತಂತ್ರರಾಗಿದ್ದರೆ ಒಳ್ಳೆಯದು ಎನ್ನುತ್ತದೆ ಕೋರ್ಟು. ನನ್ನ ಸಲಹೆ ಇನ್ನೂ ಬಿಗಿ: ಆಸ್ತಿಯಲ್ಲಿ ಪಾಲು ಬರುವವರು ಸಾಕ್ಷಿ ಹಾಕಲೇಬಾರದು. ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಯಾರ ಒತ್ತಾಯವೂ ಇಲ್ಲದೆ ಬರೆದಿದ್ದಾರೆ ಎಂದು ಸಾಕ್ಷಿಗಳೂ ದೃಢೀಕರಿಸುವವರೂ ದಾಖಲಿಸಬೇಕು. ಹಾಗಾಗಿ ಕಾಗದವನ್ನು ಯಾರ ಕೈಯಲ್ಲೋ ಕಳಿಸಿ ಮೊಹರು ಹಾಕಿಸಿಕೊಂಡು ಬರುವ ನಮ್ಮೂರ ಚಾಳಿ ಇಲ್ಲಿ ನಡೆಯದು. ಬರೆದವರು ಎದುರಿಗೆ ಕೂತಿರಬೇಕು.

ಛಾಪಾ ಕಾಗದ ಬೇಕೇ ಅಂತ ಎಲ್ಲರೂ ಕೇಳುತ್ತಾರೆ. ತೀರ್ಪಿನಲ್ಲಿ ಆ ಮಾತಿಲ್ಲ.

ಪ್ರತಿಗಳು ಮುಖ್ಯ. ಹೆಸರಿಸಿದ ಇಬ್ಬರಿಗೂ ಒಂದೊಂದು, ಮನೆ ವೈದ್ಯರಿದ್ದರೆ ಅವರಿಗೊಂದು, ನಿಮ್ಮ ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಸಂಬಂಧಪಟ್ಟ ಅಧಿಕಾರಿಗೊಂದು. ಪಂಚಾಯಿತಿಯಲ್ಲಿ "ಇದೇನು ಹೊಸ ಅರ್ಜಿ" ಅಂತ ಮುಖ ನೋಡಿದರೆ ಆಶ್ಚರ್ಯ ಬೇಡ. ಒಂದು ಪತ್ರದ ಜೊತೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇಲ್ಲವೇ ಸ್ವೀಕೃತಿ ಬರುವಂಥ ಅಂಚೆಯಲ್ಲಿ ಕಳಿಸಿ. ಡಿಜಿಟಲ್ ಆರೋಗ್ಯ ದಾಖಲೆಗೂ ಸೇರಿಸಬಹುದು.

ಎರಡು ಗೊಂದಲ ತೆಗೆದುಬಿಡುತ್ತೇನೆ. ಆಸ್ತಿಯ ಉಯಿಲು ಸತ್ತ ಮೇಲೆ ಜಾರಿಯಾಗುವುದು, ಇದು ಬದುಕಿದ್ದಾಗಲೇ. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಆಸ್ಪತ್ರೆಯಲ್ಲಿ ನಿಮ್ಮ ಜಮೀನಿನ ಸರ್ವೆ ನಂಬರ್ ಓದುತ್ತಾರೆ. ಹಾಗೆಯೇ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಒಂದು ಮುಂಗಡ ನಿರ್ದೇಶನ ಇದೆ. ಅದು ಮನೋರೋಗದ ಚಿಕಿತ್ಸೆ ಹೇಗಿರಬೇಕು ಅನ್ನುವುದಕ್ಕೆ. ಹೆಸರು ಒಂದೇ ಥರ, ಕೆಲಸ ಬೇರೆ.

ಐಸಿಯು ಹಾಸನ

ಮೊದಲ ಸಾಲು ನನಗೆ ಬಿಡಿ. "ಹಾಸಿಗೆ ಹಿಡಿದರೆ ವೆಂಟಿಲೇಟರ್ ಬೇಡ." ಮಲೆನಾಡಿನಲ್ಲಿ ಕೂತು ಈ ಸಾಲು ಬರೆದವರು ಹಾವು ನೋಡಿಲ್ಲ ಅಂತ ಕಾಣುತ್ತದೆ.

ಕಟ್ಟುಹಾವು ಕಚ್ಚಿದವರಿಗೆ ರೆಪ್ಪೆ ಜೋತುಬೀಳುತ್ತದೆ, ನುಂಗಲಾಗುವುದಿಲ್ಲ, ಆಮೇಲೆ ಉಸಿರಾಟದ ಸ್ನಾಯು ಸೋಲುತ್ತದೆ. ಕೈಕಾಲು ಅಲ್ಲಾಡದೆ, ಕಣ್ಣು ಬಿಡಲಾಗದೆ ಮಲಗಿದ ಆ ಮನುಷ್ಯನನ್ನು ನೋಡಿದರೆ ಮುಗಿಯಿತು ಅನ್ನಿಸಬೇಕು. ಪ್ರತಿವಿಷ ಕೊಟ್ಟು ಕೆಲವು ದಿನ ವೆಂಟಿಲೇಟರ್‌ನಲ್ಲಿಟ್ಟರೆ ನಡೆದುಕೊಂಡು ಮನೆಗೆ ಹೋಗುತ್ತಾರೆ. ಕೀಟನಾಶಕದ ವಿಷವೂ ಹೀಗೆಯೇ. ಆರ್ಗನೋಫಾಸ್ಫರಸ್ ಹೊಟ್ಟೆಗೆ ಹೋದವರು ಮೊದಲ ದಿನ ಸುಧಾರಿಸಿದಂತೆ ಕಂಡು, ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ ಸ್ನಾಯು ಸೋತು ಮತ್ತೆ ಉಸಿರು ನಿಲ್ಲಿಸಬಹುದು. ಆಗಲೂ ಯಂತ್ರವೇ ದಾಟಿಸುವ ದೋಣಿ. ಗಿಯಾನ್ ಬಾರೆ ಅನ್ನುವ ನರದ ಕಾಯಿಲೆಯಲ್ಲಿ ಇದು ವಾರಗಟ್ಟಲೆ ಬೇಕಾಗಬಹುದು.

ಹಾಗಾಗಿ ಯಂತ್ರವನ್ನು ಹೆಸರಿಸಿ ಬೇಡ ಅನ್ನಬೇಡಿ, ಸ್ಥಿತಿಯನ್ನು ಹೆಸರಿಸಿ. ಯಾವ ಸ್ಥಿತಿ ತಲುಪಿದ ಮೇಲೆ ಯಾವುದು ಬೇಡ ಅನ್ನುವುದು ಕಾಗದದ ಜೀವ. ಸಂಶಯ ಇದ್ದರೆ ಗಡುವು ಹಾಕಿದ ಚಿಕಿತ್ಸೆ ಕೇಳಬಹುದು: ಇಷ್ಟು ದಿನ ಪೂರ್ತಿ ಪ್ರಯತ್ನ, ಅಷ್ಟರೊಳಗೆ ವೈದ್ಯರು ಹೇಳಿದ ಸುಧಾರಣೆ ಕಾಣದಿದ್ದರೆ ಮತ್ತೆ ಕೂತು ಮಾತಾಡುವುದು.

ಕಾಗದ ತಂದು ತೋರಿಸಿದ ಕೂಡಲೇ ಪ್ಲಗ್ ಕಿತ್ತುಬಿಡುತ್ತಾರೆ ಅನ್ನುವ ಭಯವೂ ಬೇಡ, ಆ ಆಸೆಯೂ ಬೇಡ. ಬರೆದವರಿಗೆ ತೀರ್ಮಾನ ಹೇಳುವ ಶಕ್ತಿ ಹೋಗಿರಬೇಕು, ಚೇತರಿಕೆಯ ದಾರಿ ಮುಚ್ಚಿರಬೇಕು. ಮೊದಲು ಕಾಗದ ಅಸಲಿಯೇ ಅಂತ ಪರಿಶೀಲನೆ. ಆಮೇಲೆ ಆಸ್ಪತ್ರೆಯ ಪ್ರಾಥಮಿಕ ಮಂಡಳಿ: ನೋಡಿಕೊಳ್ಳುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವದ ಇಬ್ಬರು ವಿಷಯ ತಜ್ಞರು. ಅವರು ಸಾಧ್ಯವಾದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಅವರು ಹೌದು ಅಂದರೆ ದ್ವಿತೀಯ ಮಂಡಳಿ: ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು, ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು, ಮತ್ತೆ 48 ಗಂಟೆ. ಹೆಸರಿಸಿದವರ ಒಪ್ಪಿಗೆ. ಜಾರಿಗೆ ಮುಂಚೆ ಆ ವ್ಯಾಪ್ತಿಯ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯಕ್ಕೆ ಆಸ್ಪತ್ರೆಯಿಂದ ತಿಳಿವಳಿಕೆ. ಈಗ ತಿಳಿಸಿದರೆ ಸಾಕು, ಮ್ಯಾಜಿಸ್ಟ್ರೇಟರು ಬಂದು ನೋಡಬೇಕೆಂದಿಲ್ಲ. ದ್ವಿತೀಯ ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು.

ಕಾಗದವೇ ಇಲ್ಲದವರಿಗೂ ಇದೇ ದಾರಿ, ಹತ್ತಿರದ ಬಂಧುಗಳ ಒಪ್ಪಿಗೆಯೊಂದಿಗೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಗಾಲಿಕುರ್ಚಿ ಕಡೂರು

ಡಾಕ್ಟ್ರು ಹಾವಿನ ಮಾತು ಹೇಳಿದರು. ನಾನು ಹಾಸಿಗೆಯ ಮಾತು ಹೇಳುತ್ತೇನೆ.

"ಹಾಸಿಗೆ ಹಿಡಿದರೆ ಬದುಕು ಬೇಡ" ಅಂತ ಆರೋಗ್ಯವಂತರು ಸಲೀಸಾಗಿ ಬರೆಯುತ್ತಾರೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಮಲಗಿಯೇ ಪಾಠ ಹೇಳುವವರು, ಲೆಕ್ಕ ಬರೆಯುವವರು, ಮಕ್ಕಳನ್ನು ಓದಿಸುವವರು ಈ ಜಿಲ್ಲೆಯಲ್ಲೇ ಇದ್ದಾರೆ. ಅವರ ದಿನನಿತ್ಯವನ್ನೇ ನೀವು ಸಾವಿಗಿಂತ ಕಡೆ ಅಂತ ಮುದ್ರೆ ಒತ್ತಿಸುತ್ತಿದ್ದೀರಿ. "ಇನ್ನೊಬ್ಬರಿಗೆ ಭಾರವಾಗಬಾರದು" ಅನ್ನುವುದೂ ಅಷ್ಟೇ. ಸೊಸೆಯೊಬ್ಬಳ ತಲೆಗೆ ಎಲ್ಲ ಆರೈಕೆ ಕಟ್ಟಿ, ಗಂಡಸರು ಪೇಟೆಗೆ ಹೋಗಿ ಬರುವ ಮನೆಯಲ್ಲಿ ಭಾರ ಅನ್ನುವುದು ರೋಗಿಯ ಗುಣ ಅಲ್ಲ, ಮನೆಯ ವ್ಯವಸ್ಥೆ.

ಅಂಗವಿಕಲತೆ ಬೇರೆ, ಸಾಯುತ್ತಿರುವುದು ಬೇರೆ. ಕಾಗದದಲ್ಲಿ ಈ ಗೆರೆ ಸ್ಪಷ್ಟವಾಗಿ ಬೀಳಲಿ. ಇಲ್ಲವಾದರೆ ನಾಳೆ ಪಾರ್ಶ್ವವಾಯು ಆಗಿ ಮಾತು ನಿಂತ, ಆದರೆ ಎಲ್ಲ ಅರ್ಥವಾಗುವ ಮನುಷ್ಯನ ಎದುರಿಗೇ ಈ ಮೂರು ಸಾಲು ಓದುತ್ತಾರೆ.

ಐಸಿಯು ಹಾಸನ

ಒಪ್ಪಿದೆ. ಒಂದು ಸೇರಿಸುತ್ತೇನೆ: ಮಾತು ನಿಂತಿದ್ದು ತೀರ್ಮಾನ ಮಾಡುವ ಶಕ್ತಿ ಹೋದಂತಲ್ಲ. ಕಣ್ಣು ಮಿಟುಕಿಸಿ, ಕೈ ಒತ್ತಿ ಹೌದು ಅಲ್ಲ ಹೇಳಬಲ್ಲವರ ಹತ್ತಿರ ನೇರ ಕೇಳಬೇಕು. ಅವರು ಈಗ ಹೇಳಿದ್ದು ಹಳೇ ಕಾಗದಕ್ಕಿಂತ ಮೇಲು.

ನರ್ಸಕ್ಕ ಮೂಡಿಗೆರೆ

ಎರಡನೇ ಸಾಲಿಗೆ ನಾನು ಬರ್ತೀನಿ ಮಾರಾಯ್ರೆ. "ಯಾವ ಚಿಕಿತ್ಸೆಯನ್ನೂ ಕೊಡಬೇಡಿ." ಇದನ್ನ ಅಕ್ಷರಶಃ ಪಾಲಿಸಿದ್ರೆ ನೋವಿಗೆ ಮಾತ್ರೆ ಇಲ್ಲ, ಮೂತ್ರ ಕಟ್ಟಿದ್ರೆ ಕ್ಯಾತಿಟರ್ ಇಲ್ಲ, ಬೆನ್ನಿನ ಹುಣ್ಣಿಗೆ ಡ್ರೆಸಿಂಗ್ ಇಲ್ಲ. ಜೀವ ಎಳೆಯುವ ಚಿಕಿತ್ಸೆ ಬೇಡ ಅನ್ನಿ, ಉಪಶಮನ ಆರೈಕೆ, ಅಂದ್ರೆ ನೋವು ಸಂಕಟ ತಗ್ಗಿಸೋ ಆರೈಕೆ, ಬೇಕು ಅಂತ ಒತ್ತಿ ಬರೀರಿ. ಎರಡೂ ಒಂದೇ ಅಲ್ಲ.

ಮಾರ್ಫಿನ್ ಅಂದ ಕೂಡಲೇ ಜನ ಬೆಚ್ಚಿಬೀಳ್ತಾರೆ. ಕ್ಯಾನ್ಸರ್ ನೋವಿಗೆ ಬಾಯಿಗೆ ಕೊಡೋ ಮಾತ್ರೆ ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂನಿಂದ ಶುರು, ನಾಲ್ಕು ಗಂಟೆಗೊಮ್ಮೆ. ತುಂಬ ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ ಇನ್ನೂ ಕಡಿಮೆ. ನೋವು ನೋಡ್ಕೊಂಡು ಡಾಕ್ಟ್ರು ಏರಿಸ್ತಾರೆ. ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ. "ನೋವು ಬಂದಾಗ ಕೊಡೋಣ" ಅಂತ ಬಿಟ್ರೆ ಪ್ರತಿ ಸಲ ನೋವೇ ಮುಂದೆ ಓಡ್ತದೆ. ಮಾರ್ಫಿನ್ ಶುರು ಮಾಡಿದ ದಿನವೇ ಮಲ ಸಡಿಲ ಮಾಡೋ ಮಾತ್ರೆಯೂ ಶುರು ಆಗ್ಬೇಕು. ವಾಂತಿ, ಮಂಪರು ಕೆಲವೇ ದಿನದಲ್ಲಿ ಇಳೀತದೆ, ಮಲಬದ್ಧತೆ ಮಾತ್ರ ಇಳಿಯಲ್ಲ. ಎಷ್ಟೋ ಮನೇಲಿ ಮಾರ್ಫಿನ್ ನಿಲ್ಲಿಸೋದು ಚಟದ ಭಯಕ್ಕಲ್ಲ, ಐದು ದಿನ ಹೊಟ್ಟೆ ಹೋಗ್ಲಿಲ್ಲ ಅಂತ.

2014ರಲ್ಲಿ ಮಾದಕವಸ್ತು ಕಾಯ್ದೆ ತಿದ್ದುಪಡಿ ಆದ್ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಕೊಳ್ಳೋದು ಮುಂಚಿಗಿಂತ ಸಲೀಸು. ನಿಮ್ಮ ಆಸ್ಪತ್ರೇಲಿ ಸಿಗ್ತದಾ ಅಂತ ಈಗಲೇ ಕೇಳಿ, ಕೊನೇ ವಾರದಲ್ಲಿ ಅಲ್ಲ.

ಈಗ ಯಾರೂ ಬರೆಯದ ವಿಷಯ. ನಮ್ಮ ಕಡೆ ನಿಜವಾಗಿ ಆಗೋದು ಮಂಡಳಿ ಅಲ್ಲ. "ವೈದ್ಯರ ಸಲಹೆಗೆ ವಿರುದ್ಧವಾಗಿ ಕರ್ಕೊಂಡು ಹೋಗ್ತಿದ್ದೀವಿ" ಅಂತ ಸಹಿ ಹಾಕ್ಸಿ, ಗಂಟಲಲ್ಲಿ ಟ್ಯೂಬ್ ಇರೋ ಹಾಗೇ ಆಂಬ್ಯುಲೆನ್ಸ್ ಹತ್ತಿಸಿ, ಮೂಡಿಗೆರೆ ಕಡೆ ಘಾಟಿ ರಸ್ತೆಯಲ್ಲಿ ದಾರಿಯುದ್ದಕ್ಕೂ ಆಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡೋ ಗಾಳಿಚೀಲ) ಒತ್ತುತ್ತಾ ಬಂದು, ಮನೆ ಜಗಲೀಲಿ ಟ್ಯೂಬ್ ತೆಗೆಯೋದು. ಒಂದು ಹನಿ ನೋವಿನ ಔಷಧಿ ಇರಲ್ಲ. ಉಸಿರಿಗೆ ಒದ್ದಾಡೋದನ್ನ ಮಕ್ಕಳು ಮರಿ ಎಲ್ಲ ನಿಂತು ನೋಡ್ತಾರೆ. ಆಸ್ಪತ್ರೆ ಕೈ ತೊಳ್ಕೊಂಡ ಹಾಗಾಯ್ತು, ಘನತೆ ಮಾತ್ರ ಎಲ್ಲೂ ಇಲ್ಲ.

ಐಸಿಯು ಹಾಸನ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಕ್ರಮಬದ್ಧವಾಗಿ ಮಾಡಿದರೆ ಹೇಗಿರಬೇಕು ಅಂತ ಬರೆಯುತ್ತೇನೆ, ಹೋಲಿಸಿ ನೋಡಿ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿದ್ದರೆ ಅದರ ಪ್ರಭಾವ ಪೂರ್ತಿ ಇಳಿಯುವ ತನಕ ಯಂತ್ರ ತೆಗೆಯುವಂತಿಲ್ಲ. ಇಲ್ಲವಾದರೆ ಒದ್ದಾಟ ಒಳಗೇ ನಡೆಯುತ್ತದೆ, ಹೊರಗೆ ಕಾಣುವುದಿಲ್ಲ. ಮೂಗಿನ ನಳಿಕೆಯ ಆಹಾರ ಕೆಲವು ಗಂಟೆ ಮುಂಚೆ ನಿಲ್ಲಿಸುತ್ತಾರೆ. ಮಾನಿಟರ್ ಅಲಾರಂ ಆಫ್. ಉಸಿರು ಸಾಲದ ಸಂಕಟಕ್ಕೆ ರಕ್ತನಾಳದ ಮೂಲಕ ಮಾರ್ಫಿನ್, ಕಳವಳಕ್ಕೆ ಮಿಡಜೋಲಂ, ಗಂಟಲ ಗೊರಗೊರಕ್ಕೆ ಗ್ಲೈಕೊಪಿರೊಲೇಟ್ ಮೊದಲೇ ಕೊಟ್ಟು, ಹಾಸಿಗೆ ಪಕ್ಕ ಇನ್ನಷ್ಟು ಸಿದ್ಧ ಇಟ್ಟುಕೊಂಡಿರಬೇಕು. ಬಿಪಿ ಏರಿಸುವ ಔಷಧಿ ನಿಲ್ಲಿಸಿ, ಆಮ್ಲಜನಕವನ್ನು ಕೋಣೆಯ ಗಾಳಿಯ ಮಟ್ಟವಾದ ಶೇ 21ಕ್ಕೆ ಇಳಿಸಿ, ಯಂತ್ರದ ಒತ್ತಡ ಹಂತಹಂತವಾಗಿ ತಗ್ಗಿಸಿ, ಮುಖದಲ್ಲಿ ಸಂಕಟ ಕಂಡರೆ ನಿಂತು ಔಷಧಿ ಕೊಟ್ಟು ಮುಂದುವರಿಯುವುದು. ಮನೆಯವರು ಕೈ ಹಿಡಿದು ಕೂರಬಹುದು, ಗಂಗಾಜಲವೋ ತುಳಸಿ ನೀರೋ ತುಟಿಗೆ ಸೋಕಿಸಬಹುದು.

ಇಲ್ಲಿ ಮಾರ್ಫಿನ್ ಕೊಡುವುದು ಸಂಕಟ ತಗ್ಗಿಸಲು, ಸಾವು ತರಿಸಲು ಅಲ್ಲ. ಪ್ರಮಾಣವನ್ನು ಸಂಕಟ ನೋಡಿ ಏರಿಸುತ್ತಾರೆ, ಏಕೆ ಎಷ್ಟು ಕೊಟ್ಟರು ಅಂತ ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಆ ಬರಹವೇ ಎರಡರ ನಡುವಿನ ಗೋಡೆ. ಸಾಯಿಸುವ ಚುಚ್ಚುಮದ್ದು ನಮ್ಮ ದೇಶದಲ್ಲಿ ಈಗಲೂ ಅಪರಾಧ.

ಯಂತ್ರ ತೆಗೆದ ತಕ್ಷಣ ಜೀವ ಹೋಗುತ್ತದೆ ಅಂತಲೂ ಇಲ್ಲ. ಅಮೆರಿಕದ ಕ್ಯಾರೆನ್ ಆನ್ ಕ್ವಿನ್ಲನ್ ಪ್ರಕರಣದಲ್ಲಿ 1976ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟು ಒಪ್ಪಿ ವೆಂಟಿಲೇಟರ್ ತೆಗೆದರು. ಆಕೆ ತಾನೇ ಉಸಿರಾಡುತ್ತ 1985ರವರೆಗೆ ಇದ್ದಳು. ಮನೆಯವರಿಗೆ ಈ ಸಾಧ್ಯತೆಯನ್ನು ಮೊದಲೇ ಹೇಳದಿದ್ದರೆ ಅದು ಅರೆಬರೆ ಒಪ್ಪಿಗೆ.

ಅಂದಹಾಗೆ ಆಂಬು ಬ್ಯಾಗಿನ ಬಗ್ಗೆ ಒಂದು ವಿಚಿತ್ರ. 1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗಿನಲ್ಲಿ ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ತಜ್ಞರ ಸಲಹೆಯಂತೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಕೈಯಲ್ಲೇ ಗಾಳಿಚೀಲ ಒತ್ತಿ ರೋಗಿಗಳನ್ನು ಉಳಿಸಿದರು. ಐಸಿಯು ಹುಟ್ಟಿದ್ದೇ ಅಲ್ಲಿಂದ. ಉಸಿರನ್ನು ಹೊರಗಿನಿಂದ ನಡೆಸಬಹುದು ಅಂತಾದ ಮೇಲೇ "ಎಲ್ಲಿ ನಿಲ್ಲಿಸಬೇಕು" ಅನ್ನುವ ಪ್ರಶ್ನೆ ಬಂದದ್ದು. ಅಜ್ಜಂದಿರ ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ.

ಕೊಪ್ಪದ ಕಾಫಿ

ಎಲ್ಲ ಸರಿ. ಆದ್ರೆ ಶೃಂಗೇರಿ, ಕೊಪ್ಪ, ಎನ್.ಆರ್. ಪುರದ ಕಡೆ ಐದು ವರ್ಷ ಅನುಭವದ ಇಬ್ಬರು ತಜ್ಞರು, ಆಮೇಲೆ ಇನ್ನಿಬ್ಬರು ಬೇರೆಯವರು. ಎಲ್ಲಿಂದ ತರೋದು ಸ್ವಾಮಿ? ಮಳೆಗಾಲದಲ್ಲಿ ಕರೆಂಟೇ ಇರಲ್ಲ.

ನೋಟರಿ, ಕೋರ್ಟ್ ಹಿಂಭಾಗ, ಹಾಸನ

ಈ ದೂರು ನ್ಯಾಯವಾದದ್ದು. ಸುತ್ತೋಲೆ ಒಂದು ಕಿಟಕಿ ತೆರೆದಿದೆ: ಅಂಗಾಂಗ ಕಸಿ ಕಾಯ್ದೆಯಡಿ ಅನುಮೋದನೆ ಪಡೆದ ನರತಜ್ಞರು, ನರಶಸ್ತ್ರಚಿಕಿತ್ಸಕರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ತೀವ್ರ ನಿಗಾ ತಜ್ಞರನ್ನು ಜಿಲ್ಲಾ ಆರೋಗ್ಯಾಧಿಕಾರಿಯ ಕಡೆಯ ಸದಸ್ಯರಾಗಿ ದ್ವಿತೀಯ ಮಂಡಳಿಗೆ ಹಾಕಿಕೊಳ್ಳಬಹುದು. ಆದರೂ ತಾಲ್ಲೂಕು ಮಟ್ಟದಲ್ಲಿ ಕಷ್ಟ. ವೆಂಟಿಲೇಟರ್ ಹಾಕುವ ಹಂತದ ರೋಗಿ ಬಹುಮಟ್ಟಿಗೆ ಜಿಲ್ಲಾ ಕೇಂದ್ರಕ್ಕೋ ಶಿವಮೊಗ್ಗ, ಮಣಿಪಾಲಕ್ಕೋ ಹೋಗಿರುತ್ತಾರೆ. ಆದ್ದರಿಂದ ಮಂಡಳಿ ಅಲ್ಲೇ ಕೂರುತ್ತದೆ, ಕಾಗದವೂ ಅಲ್ಲಿಗೆ ಹೋಗಬೇಕು. ನಿಮ್ಮ ಗೋದ್ರೆಜ್ ಬೀರುವಿನಲ್ಲಿ ಬೀಗ ಹಾಕಿಟ್ಟ ಪ್ರತಿ ಮಣಿಪಾಲಕ್ಕೆ ನಡೆದು ಹೋಗುವುದಿಲ್ಲ. ಇಬ್ಬರ ಫೋನಿನಲ್ಲೂ ಸ್ಕ್ಯಾನ್ ಇರಲಿ.

ನರ್ಸಕ್ಕ ಮೂಡಿಗೆರೆ

ಕೊಪ್ಪದ ಅಣ್ಣಂಗೆ ಇನ್ನೊಂದು ಉತ್ತರ. ವೆಂಟಿಲೇಟರ್ ಹಾಕೋ ಮುಂಚೆಯೇ ತೀರ್ಮಾನ ಆದ್ರೆ ತೆಗೆಯೋ ಪ್ರಶ್ನೆ ಬರಲ್ಲ. ಕ್ಯಾನ್ಸರ್ ಕೊನೇ ಹಂತ, ಮನೇಲೇ ಇರ್ಬೇಕು ಅಂತ ರೋಗಿಯ ಇಚ್ಛೆ ಇದ್ರೆ, ಕೊನೇ ದಿನಗಳಲ್ಲಿ ಏನೇನು ಆಗ್ತದೆ ಅಂತ ಮನೆಯವರಿಗೆ ಮುಂಚೆನೇ ಹೇಳಿ: ಊಟ ನೀರು ತಾನಾಗೇ ಕಡಿಮೆ ಆಗ್ತದೆ, ಕೈಕಾಲು ತಣ್ಣಗಾಗ್ತದೆ, ಉಸಿರು ಬಿಟ್ಟು ಬಿಟ್ಟು ಬರ್ತದೆ. ಗೊತ್ತಿಲ್ಲದವರು ಗಾಬರಿಯಾಗಿ 108ಕ್ಕೆ ಫೋನ್ ಮಾಡ್ತಾರೆ. ಬಂದ ಸಿಬ್ಬಂದಿ ಎದೆ ಒತ್ತೋದು ಅವರ ಕೆಲಸ, ಅವರನ್ನ ಬೈಬೇಡಿ. ಮೊದಲು ಫೋನ್ ಮಾಡ್ಬೇಕಾದ ನಂಬರ್ ನಿಮ್ಮ ಡಾಕ್ಟ್ರದ್ದೋ ಉಪಶಮನ ಆರೈಕೆಯವರದ್ದೋ ಆಗಿರ್ಲಿ, ಅದು ಫ್ರಿಜ್ ಬಾಗಿಲ ಮೇಲೆ ಅಂಟಿರ್ಲಿ.

ಮನೇಲಿ ತೀರಿಕೊಂಡ್ರೆ ಕೊನೇ ಕಾಯಿಲೆ ನೋಡಿಕೊಂಡ ಡಾಕ್ಟ್ರ ಹತ್ರ ಮರಣ ಕಾರಣದ ನಮೂನೆ 4ಎ ತಗೊಳ್ಳಿ. 21 ದಿನದೊಳಗೆ ನೋಂದಣಿ.

ಎದೆ ಒತ್ತಬೇಡಿ ಅನ್ನೋ ಆದೇಶಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲೇ ಬೇರೆ ಮಾರ್ಗಸೂಚಿ ಕೊಟ್ಟಿದೆ. ಅದು ಬರೀ ಹೃದಯ ನಿಂತಾಗ ಏನು ಮಾಡ್ಬಾರ್ದು ಅನ್ನೋದಕ್ಕೆ. ಅದನ್ನ ಬರೆಸಿದ್ರು ಅಂತ ಜ್ವರಕ್ಕೆ ಔಷಧಿ ನಿಲ್ಲಿಸೋ ಹಾಗಿಲ್ಲ.

ಹೊಸಬ, ಅರಸೀಕೆರೆ

ನನ್ನದು ಸಣ್ಣ ಪ್ರಶ್ನೆ. ಇದೆಲ್ಲ ನಮಗೆ ಹೊಸದೇ? ಶ್ರವಣಬೆಳಗೊಳದಲ್ಲಿ ಸಲ್ಲೇಖನ, ಅಂದರೆ ಆಹಾರ ಬಿಟ್ಟು ದೇಹ ತ್ಯಜಿಸುವ ಜೈನ ವ್ರತ, ಸಾವಿರ ವರ್ಷದಿಂದ ಇದೆಯಲ್ಲ. ಅದಕ್ಕೆ ಮಂಡಳಿ ಬೇಡ, ಇದಕ್ಕೆ ಯಾಕೆ?

ಬೆಳಗೊಳದ ಶಾಸನ ಓದುಗ

ಸಾವಿರವಲ್ಲ, ಸಾವಿರದ ಮುನ್ನೂರು ಅಂದರೂ ಕಡಿಮೆಯೇ. ಚಂದ್ರಗಿರಿಯ ಬಂಡೆಯ ಮೇಲೆ ಏಳನೇ ಶತಮಾನದ ಆಸುಪಾಸಿನ ನಿಸಿಧಿ (ಹೀಗೆ ದೇಹ ಬಿಟ್ಟವರ ನೆನಪಿನ) ಬರಹಗಳು ಸಾಲುಸಾಲಾಗಿವೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸ ವ್ರತ ಹಿಡಿದು ದೇಹ ಬಿಟ್ಟಳೆಂದು ಶಾಸನವಿದೆ.

ಆದರೆ ಹೋಲಿಕೆ ಅವಸರದ್ದು. ಶ್ರಾವಕಾಚಾರ (ಜೈನ ಗೃಹಸ್ಥರ ನಡೆನುಡಿಯ ನಿಯಮ) ಪರಂಪರೆ ಹೇಳುವ ಸಂದರ್ಭಗಳು ನಾಲ್ಕು: ಪರಿಹಾರವಿಲ್ಲದ ಉಪಸರ್ಗ (ವಿಪತ್ತು), ದುರ್ಭಿಕ್ಷ, ಮುಪ್ಪು, ರೋಗ. ವ್ರತ ಹಿಡಿಯುವವರಿಗೆ ಕ್ಷಪಕ ಅಂತ ಹೆಸರು, ಅವರನ್ನು ನಡೆಸುವ ಗುರು ನಿರ್ಯಾಪಕ. ಗುರುವಿನ ಅನುಮತಿ ಬೇಕು, ಆಹಾರ ಮೆಲ್ಲಗೆ ಇಳಿಸಬೇಕು, ಬೇಗ ಸಾವು ಬರಲಿ ಎಂದು ಬಯಸುವುದೇ ವ್ರತಕ್ಕೆ ದೋಷ. ಬದುಕಬೇಕೆಂಬ ಆಸೆಯೂ ದೋಷ. ಎಲ್ಲಕ್ಕಿಂತ ಮುಖ್ಯವಾಗಿ ಇಲ್ಲಿ ವ್ರತಿ ಪೂರ್ತಿ ಎಚ್ಚರದಲ್ಲಿದ್ದು ಪ್ರತಿದಿನ ತಾನೇ ತೀರ್ಮಾನಿಸುತ್ತಾನೆ. ಲಿವಿಂಗ್ ವಿಲ್ ಕೆಲಸ ಶುರು ಮಾಡುವುದೇ ಎಚ್ಚರ ಹೋದ ಮೇಲೆ. ಅದಕ್ಕೇ ಅಲ್ಲಿ ಗುರು ಒಬ್ಬರು ಸಾಕು, ಇಲ್ಲಿ ಎರಡು ಮಂಡಳಿ ಬೇಕು.

ಕಾನೂನಿನಲ್ಲೂ ಎರಡೂ ಬೇರೆ ದಾರಿ ಹಿಡಿದಿವೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳ 31ಕ್ಕೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು.

ಒಂದು ಮಾತು ಮಾತ್ರ ಹಳೆಯವರಿಂದ ತೆಗೆದುಕೊಳ್ಳಬಹುದು. ನಿಸಿಧಿ ಕಲ್ಲುಗಳು ಸಾವನ್ನು ಬಚ್ಚಿಡಲಿಲ್ಲ. ಯಾರು, ಯಾರ ಶಿಷ್ಯ, ಎಷ್ಟು ದಿನ ಅಂತ ಬಂಡೆಯ ಮೇಲೇ ಕೊರೆದರು. ನಾವು ಆಂಬ್ಯುಲೆನ್ಸಿನಲ್ಲಿ ಕದ್ದು ತರುತ್ತೇವೆ.

ಗಾಲಿಕುರ್ಚಿ ಕಡೂರು

ಚೆನ್ನಾಗಿ ಹೇಳಿದಿರಿ. ಆದರೆ "ಯಾರ ತೀರ್ಮಾನ" ಅನ್ನುವ ಪ್ರಶ್ನೆ ಬಿಟ್ಟುಹೋಗುತ್ತಿದೆ. ಅರುಣಾ ಶಾನಭಾಗ ಪ್ರಕರಣ ನೆನಪಿರಲಿ. ನಮ್ಮ ಹೊನ್ನಾವರ ಸೀಮೆಯ ಹಳದೀಪುರದ ಹೆಣ್ಣುಮಗಳು, ಮುಂಬೈ ಕೆಇಎಂ ಆಸ್ಪತ್ರೆಯ ನರ್ಸು. 1973ರಲ್ಲಿ ಹಲ್ಲೆಯಾಗಿ 2015ರವರೆಗೆ ಹಾಸಿಗೆಯಲ್ಲಿ. ದಯಾಮರಣ ಕೇಳಿ ಕೋರ್ಟಿಗೆ ಹೋದವರು ಒಬ್ಬ ಪತ್ರಕರ್ತೆ. ದಿನವೂ ಮೈ ಒರೆಸಿ ಊಟ ಉಣಿಸಿದ ನರ್ಸುಗಳು ಬೇಡ ಅಂದರು. 2011ರಲ್ಲಿ ಸುಪ್ರೀಂ ಕೋರ್ಟು ಅರ್ಜಿ ತಿರಸ್ಕರಿಸುತ್ತ, ಆಕೆಯ ಪರವಾಗಿ ಮಾತಾಡುವ ಹಕ್ಕು ಆ ಆಸ್ಪತ್ರೆ ಸಿಬ್ಬಂದಿಯದು ಎಂದಿತು. ರಕ್ತಸಂಬಂಧಕ್ಕಿಂತ ಆರೈಕೆಯ ಸಂಬಂಧ ಮೇಲು ಅಂತ ಆ ತೀರ್ಪಿನಲ್ಲಿ ನಾನು ಓದುತ್ತೇನೆ. ಇಬ್ಬರನ್ನು ಹೆಸರಿಸುವಾಗ ಒಬ್ಬರು ನಿಮ್ಮ ಮೈ ಒರೆಸುವವರಾಗಿರಲಿ. ಹಿರಿಮಗ ಅನ್ನುವ ಒಂದೇ ಕಾರಣಕ್ಕೆ ಬೆಂಗಳೂರಿನವರ ಹೆಸರು ಹಾಕಬೇಡಿ.

ಕೊಪ್ಪದ ಕಾಫಿ

ಅದಕ್ಕಿಂತ ದೊಡ್ಡ ಯಜಮಾನ ದುಡ್ಡು ಕಣ್ರೀ. ಎಷ್ಟೋ ಸಲ "ಘನತೆಯಿಂದ ಸಾಯಲಿ" ಅಂದ್ರೆ "ನಾಳೆ ಬಿಲ್ ಕಟ್ಟೋಕಾಗಲ್ಲ" ಅಂತ ಅರ್ಥ.

ಐಸಿಯು ಹಾಸನ

ನಿಜ, ಮತ್ತೆ ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮಾಡಬಹುದಾದದ್ದು ಒಂದು: ದಾಖಲಾದ ದಿನವೇ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷ. ಆಮೇಲೆ ಮಂಡಳಿಯ ಮುಂದೆ ಎರಡು ಪ್ರಶ್ನೆ ಬೇರೆ ಬೇರೆ ಇರಬೇಕು. ಈ ರೋಗಿ ಚೇತರಿಸಿಕೊಳ್ಳಬಲ್ಲರೇ? ಮನೆಯವರಿಗೆ ಖರ್ಚು ಭರಿಸಲು ಸಾಧ್ಯವೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂತಾದರೆ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಬೇಕು. ಅದಕ್ಕೆ ಘನತೆಯ ಸಾವು ಅಂತ ಹೆಸರಿಟ್ಟು ಸಹಿ ಹಾಕುವ ವೈದ್ಯ ತಪ್ಪು ಮಾಡುತ್ತಿದ್ದಾನೆ.

ಹೊಸಬ, ಅರಸೀಕೆರೆ

ಮಿದುಳು ಸತ್ತಿದೆ ಅಂದಾಗಲೂ ಇದೇ ಮಂಡಳಿಯೇ?

ಐಸಿಯು ಹಾಸನ

ಅಲ್ಲ. ಮಿದುಳು ಸಾವು ಅಂದರೆ 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಸಾವೇ. ನಾಲ್ವರು ವೈದ್ಯರು, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ. ಕಣ್ಣಿನ ಪಾಪೆಗೆ ಬೆಳಕು, ಕೆಮ್ಮು, ಗಂಟಲಿನ ಪ್ರತಿಕ್ರಿಯೆ ನೋಡುತ್ತಾರೆ. ಕೊನೆಗೆ ಯಂತ್ರ ಬಿಡಿಸಿ ರಕ್ತದ ಇಂಗಾಲದ ಡೈಆಕ್ಸೈಡ್ ಒತ್ತಡ ಪಾದರಸದ 60 ಮಿಲಿಮೀಟರ್ ದಾಟಿದರೂ ಉಸಿರಾಟದ ಯತ್ನ ಬರುತ್ತದೆಯೇ ಅಂತ ನೋಡುತ್ತಾರೆ. ನಿದ್ರೆ ಔಷಧಿಯ ಪ್ರಭಾವ, ಮೈ ತಣ್ಣಗಾಗಿರುವುದು, ಕೆಲವು ವಿಷ ಇದ್ದರೆ ಪರೀಕ್ಷೆ ಮಾಡುವಂತಿಲ್ಲ. ಕಟ್ಟುಹಾವಿನ ವಿಷ ಇದೇ ಚಿತ್ರ ತೋರಿಸಿ ಮೋಸ ಮಾಡಬಲ್ಲದು.

ಅಂಗದಾನ ನಮ್ಮ ಕಡೆ ಆಗದ ಕೆಲಸ ಅನ್ನಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲಾಸ್ಪತ್ರೆಯಲ್ಲೇ ಅಂಗಾಂಗ ತೆಗೆದು, ಹೃದಯವನ್ನು ಹೆಲಿಕಾಪ್ಟರ್‌ನಲ್ಲಿ ಬೆಂಗಳೂರಿಗೆ ಕಳಿಸಿದ್ದರು. ಹೃದಯಕ್ಕೆ ಇರುವ ಅವಧಿ ನಾಲ್ಕರಿಂದ ಆರು ಗಂಟೆ ಅಷ್ಟೇ. ಈಗ ಮೂರು ಸಾಲಿನ ಕಾಗದದ ಇನ್ನೊಂದು ತೊಡಕು ನೋಡಿ: ಮಿದುಳು ಸಾವು ದೃಢಪಡಿಸಲು, ಅಂಗ ಕಾಪಾಡಲು ವೆಂಟಿಲೇಟರ್ ಬೇಕೇಬೇಕು. "ವೆಂಟಿಲೇಟರ್ ಬೇಡ" ಅಂತ ಬರೆದು ಜೊತೆಗೆ ಅಂಗದಾನದ ಕಾರ್ಡ್ ಇಟ್ಟುಕೊಂಡವರ ಎರಡು ಇಚ್ಛೆ ಒಂದನ್ನೊಂದು ಕೊಲ್ಲುತ್ತವೆ. ಕಣ್ಣುದಾನಕ್ಕೆ ಈ ತೊಡಕಿಲ್ಲ. ಮನೆಯಲ್ಲಿ ತೀರಿಕೊಂಡರೂ 6 ಗಂಟೆಯೊಳಗೆ ಆಗಬಹುದು. ರೆಪ್ಪೆ ಮುಚ್ಚಿ, ಫ್ಯಾನ್ ಆರಿಸಿ, ತಲೆ ಸ್ವಲ್ಪ ಎತ್ತರದಲ್ಲಿಡಿ.

ಬೇಲೂರು ರಸ್ತೆ

ಇಷ್ಟನ್ನೂ ಸೇರಿಸಿ ಮೂರು ಸಾಲಿನ ಬದಲು ಹೀಗೆ ಬರೆದಿದ್ದೇನೆ. ತಿದ್ದಿ.

"ಬುದ್ಧಿ ಸ್ವಾಧೀನದಲ್ಲಿದ್ದು, ಯಾರ ಒತ್ತಾಯವೂ ಇಲ್ಲದೆ, ಪರಿಣಾಮ ತಿಳಿದು ಇದನ್ನು ಬರೆಯುತ್ತಿದ್ದೇನೆ. ವಾಸಿಯಾಗದ ಕಾಯಿಲೆಯ ಕೊನೆಯ ಹಂತದಲ್ಲಿದ್ದೇನೆ, ಅಥವಾ ಪ್ರಜ್ಞೆ ಮರಳುವ ನಿರೀಕ್ಷೆ ಇಲ್ಲ ಎಂದು ವೈದ್ಯಕೀಯ ಮಂಡಳಿಗಳು ಹೇಳಿ, ನನ್ನ ತೀರ್ಮಾನವನ್ನು ಯಾವ ರೀತಿಯಲ್ಲೂ ನಾನೇ ತಿಳಿಸಲಾಗದಿದ್ದರೆ ಮಾತ್ರ ಇದು ಅನ್ವಯ. ಅಂಗವಿಕಲತೆ, ನಡೆಯಲಾಗದಿರುವುದು, ಮಾತಾಡಲಾಗದಿರುವುದು ಇದಕ್ಕೆ ಕಾರಣವಲ್ಲ. ಆ ಸ್ಥಿತಿಯಲ್ಲಿ ವೆಂಟಿಲೇಟರ್, ಎದೆ ಒತ್ತುವುದು, ಡಯಾಲಿಸಿಸ್, ಬಿಪಿ ಏರಿಸುವ ಔಷಧಿ ಶುರು ಮಾಡುವುದು ಬೇಡ, ಶುರುವಾಗಿದ್ದರೆ ನಿಲ್ಲಿಸಬಹುದು. ಮೂಗಿನ ನಳಿಕೆಯ ಆಹಾರದ ಬಗ್ಗೆ ನನ್ನ ಇಚ್ಛೆ ಬೇಕು / ಬೇಡ. ಚೇತರಿಕೆ ಸಾಧ್ಯವಿರುವ ತುರ್ತಿನಲ್ಲಿ ಎಲ್ಲ ಚಿಕಿತ್ಸೆಯೂ ಬೇಕು. ನೋವು, ಉಸಿರಿನ ಸಂಕಟ, ಕಳವಳಕ್ಕೆ ಮಾರ್ಫಿನ್ ಸೇರಿ ಎಲ್ಲ ಉಪಶಮನ ಆರೈಕೆ ಕೊನೆವರೆಗೂ ಬೇಕು. ಅಂಗದಾನ ಸಾಧ್ಯವಾದರೆ ಅದಕ್ಕಾಗಿ ಮಾತ್ರ ವೆಂಟಿಲೇಟರ್ ಮುಂದುವರಿಸಬಹುದು. ನನ್ನ ಪರವಾಗಿ ಈ ಇಬ್ಬರು ಒಪ್ಪಿಗೆ ಕೊಡುವವರು. ಇದನ್ನು ಯಾವಾಗ ಬೇಕಾದರೂ ನಾನು ಹಿಂಪಡೆಯಬಹುದು."

ನೋಟರಿ, ಕೋರ್ಟ್ ಹಿಂಭಾಗ, ಹಾಸನ

ಕೆಲವು ತಿದ್ದುಪಡಿ. ಇಬ್ಬರ ಹೆಸರಿನ ಮುಂದೆ ವಿಳಾಸ, ಸಂಬಂಧ, ಫೋನ್ ನಂಬರ್ ಬರಲಿ. ಅವರಿಬ್ಬರ ನಡುವೆ ಒಮ್ಮತ ಬರದಿದ್ದರೆ ಏನು ಅಂತ ಒಂದು ಸಾಲು ಇರಲಿ. "ಬೇಕು / ಬೇಡ" ಹಾಗೇ ಬಿಟ್ಟರೆ ಯಾರು ಹೊಡೆದು ಹಾಕಿದರು ಅಂತ ಜಗಳ. ಒಂದನ್ನು ಪದದಲ್ಲಿ ಬರೆಯಿರಿ. ಆಮೇಲೆ ಇಚ್ಛೆ ಬದಲಾದರೆ ಹಳೇ ಪ್ರತಿಯ ಮೇಲೆ ಗೀಚಬೇಡಿ, ಮತ್ತೆ ಸಾಕ್ಷಿ, ಮತ್ತೆ ನೋಟರಿ. ಎರಡು ಕಾಗದ ಸಿಕ್ಕರೆ ಕೊನೆಯದಾಗಿ ಸಹಿ ಆದದ್ದೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ತಾರೀಖು ಸ್ಪಷ್ಟವಾಗಿರಲಿ.

ನರ್ಸಕ್ಕ ಮೂಡಿಗೆರೆ

"ಮನೆಯಲ್ಲೇ ಇರಬೇಕು" ಅಂತ ಇಚ್ಛೆ ಇದ್ರೆ ಅದನ್ನೂ ಸೇರಿಸಿ. ಇಲ್ದಿದ್ರೆ ಕೊನೇ ಗಳಿಗೆಯಲ್ಲಿ ಊರವರ ಬಾಯಿಗೆ ಹೆದರಿ ಆಸ್ಪತ್ರೆಗೆ ಹೊತ್ಕೊಂಡು ಹೋಗ್ತಾರೆ.

ಹೊಸಬ, ಅರಸೀಕೆರೆ

ಮರೆವಿನ ಕಾಯಿಲೆ ಶುರುವಾದವರು ಬರೆಯಬಹುದೇ ಸರ್? ಕೆಲವು ದಿನ ಸರಿ ಇರ್ತಾರೆ, ಕೆಲವು ದಿನ ಇಲ್ಲ.

ನೋಟರಿ, ಕೋರ್ಟ್ ಹಿಂಭಾಗ, ಹಾಸನ

ಆರಂಭದ ಹಂತದಲ್ಲಿ ಬರೆಯಬಹುದು. ಏನು ಬರೆಯುತ್ತಿದ್ದೇನೆ, ಅದರಿಂದ ಏನಾಗುತ್ತದೆ ಅಂತ ಅವರೇ ತಮ್ಮ ಮಾತಿನಲ್ಲಿ ಹೇಳಬೇಕು. ಅದೇ ದಿನ ಮನೋವೈದ್ಯರಿಂದಲೋ ನರತಜ್ಞರಿಂದಲೋ ತೀರ್ಮಾನ ಮಾಡುವ ಶಕ್ತಿ ಇದೆ ಎಂಬ ಪತ್ರ ಪಡೆದು ಲಗತ್ತಿಸಿ. ಬೆಳಗಿನ ಹೊತ್ತು ತಲೆ ತಿಳಿಯಾಗಿರುವವರಾದರೆ ಬೆಳಗ್ಗೆಯೇ ಕರೆತನ್ನಿ, ಮಕ್ಕಳು ಹೊರಗೆ ಬೆಂಚಿನ ಮೇಲೆ ಕೂರಲಿ. ಆ ಹಂತ ದಾಟಿದ್ದರೆ ಮಗ ಕೈ ಹಿಡಿದು ಸಹಿ ಹಾಕಿಸುವುದು ಬೇಡ. ಆಗ ಕಾಗದ ಇಲ್ಲದವರ ದಾರಿಯೇ ಅವರ ದಾರಿ.